ಮರಗೆಲಸಕ್ಕೆ ಮೊದಲ ಪುಸ್ತಕ ಯಾವುದು?

ಪ್ರಶ್ನೆ: ನಾನು ಧಾರವಾಡದವಳು. ಮದುವೆಯಾದ ಮೇಲೆ ಪುಣೆಯ ಕೋಥರೂಡ್‌ನಲ್ಲಿ ನೆಲೆಸಿದ್ದೇನೆ. ಅಜ್ಜ ತೀರಿಕೊಂಡ ಮೇಲೆ ಅವರ ಬಡಗಿ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಉಳಿ, ಕೀಸುಳಿ, ಗರಗಸಗಳ ಗುರುತು ಹತ್ತುತ್ತದೆ. ಉಳಿದವು ಏನೆಂದೇ ತಿಳಿಯದು. ವಿಡಿಯೋ ನೋಡಿಕೊಂಡು ಕಳೆದ ಮೇ ತಿಂಗಳಲ್ಲಿ ಸಾಗವಾನಿಯ ಒಂದು ಪೆಟ್ಟಿಗೆ ಮಾಡಿದೆ. ಮುಚ್ಚಳಕ್ಕೆ ಚೌಕಟ್ಟು ಕಟ್ಟಿ, ನಡುವೆ ಒಂದಡಿ ಅಗಲದ ಹಲಗೆಯನ್ನು, ಅದರ ಅಂಚು ಕೂರಲು ಚೌಕಟ್ಟಿನಲ್ಲಿ ಕೊರೆದ ಸಾಲಿಗೆ, ಅಂದರೆ ಗಾಡಿಗೆ, ಅಂಟು ಸವರಿ ಬಿಗಿಯಾಗಿ ಕೂರಿಸಿದ್ದೆ. ಆಗಸ್ಟ್ ಬರುವಷ್ಟರಲ್ಲಿ ಚೌಕಟ್ಟಿನ ಎರಡು ಮೂಲೆಗಳು ಬಾಯಿ ಬಿಟ್ಟವು. ಇನ್ನು ಪುಸ್ತಕ ಓದಿಯೇ ಕಲಿಯೋಣ ಎಂದುಕೊಂಡಿದ್ದೇನೆ. ಆದರೆ ಎಲ್ಲ ಪಟ್ಟಿಗಳಲ್ಲೂ ಅಮೆರಿಕ, ಇಂಗ್ಲೆಂಡಿನ ಪುಸ್ತಕಗಳೇ. ಅವುಗಳಲ್ಲಿ ಹೇಳುವ ಮರ ಇಲ್ಲಿ ಸಿಗುವುದಿಲ್ಲ. ಯಾವುದನ್ನು ಕೊಳ್ಳಲಿ? ಕನ್ನಡದಲ್ಲಿ ಏನಾದರೂ ಇದೆಯೇ?

ಉತ್ತರ: ಮೊದಲು ಮರದ ಬಗ್ಗೆ ಬರೆದ ಪುಸ್ತಕವನ್ನು ಓದಿ. ಹರಿತ ಮಾಡುವ ಪುಸ್ತಕ ಎರಡನೆಯದು, ಜೋಡಣೆಯ ಪುಸ್ತಕ ಮೂರನೆಯದು. ಉಪಕರಣಗಳ ಬಣ್ಣಬಣ್ಣದ ಪುಸ್ತಕಗಳನ್ನು ಇವೆಲ್ಲ ಆದ ಮೇಲೆ, ಆಸೆ ಉಳಿದಿದ್ದರೆ ನೋಡಬಹುದು. ಸಾಮಾನ್ಯವಾಗಿ ಸಿಗುವ ಪಟ್ಟಿಗಳಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆ. ಹೊಳೆಯುವ ಕೀಸುಳಿಯ ಚಿತ್ರ ಕಣ್ಣಿಗೆ ಹಬ್ಬ. ಮರ ಯಾವ ತಿಂಗಳಲ್ಲಿ ಎಷ್ಟು ಉಬ್ಬುತ್ತದೆ ಎಂಬ ಕೋಷ್ಟಕಕ್ಕೆ ಆ ಆಕರ್ಷಣೆ ಇಲ್ಲ. ಆದರೆ ನಿಮ್ಮ ಮುಚ್ಚಳದ ಮೂಲೆ ಬಿಚ್ಚಿದ ಕಾರಣ ಆ ಕೋಷ್ಟಕದಲ್ಲೇ ಇದೆ.

ಇಂಥ ಕೋಷ್ಟಕಗಳಿಗೆ ನಾನು ಪದೇ ಪದೇ ತೆರೆಯುವ ಪುಸ್ತಕ 'ವುಡ್ ಹ್ಯಾಂಡ್‌ಬುಕ್'. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿರುವ ಸರ್ಕಾರಿ ಅರಣ್ಯೋತ್ಪನ್ನ ಪ್ರಯೋಗಾಲಯ ಇದನ್ನು 1935ರಲ್ಲಿ ಮೊದಲು ಹೊರತಂದಿತು. ಅಲ್ಲಿಂದ ಹಲವು ಸಲ ಪರಿಷ್ಕರಿಸಿದೆ, ಇತ್ತೀಚಿನ ಆವೃತ್ತಿ 2021ರದು. ಸರ್ಕಾರಿ ಪ್ರಕಟಣೆಯಾದ್ದರಿಂದ ಇಡೀ ಪುಸ್ತಕ ಉಚಿತವಾಗಿ ಸಿಗುತ್ತದೆ, ಒಂದು ರೂಪಾಯಿಯೂ ಖರ್ಚಿಲ್ಲ. ಅಮೆರಿಕದ್ದು ಎಂದು ದೂರ ಇಡಬೇಡಿ. ಹೊರದೇಶದಿಂದ ಅಲ್ಲಿಗೆ ಬರುವ ಮರಗಳಿಗೂ ಅದರಲ್ಲಿ ಕೋಷ್ಟಕಗಳಿವೆ, ನಮ್ಮ ತೇಗ, ಅಂದರೆ ನಿಮ್ಮ ಸಾಗವಾನಿ, ಅಲ್ಲಿದೆ. ಹಸಿ ಮರ ಪೂರ್ತಿ ಒಣಗುವ ಹೊತ್ತಿಗೆ ತೇಗವು ವಾರ್ಷಿಕ ಉಂಗುರಗಳ ಗುಂಟ ಶೇ. 5.8ರಷ್ಟು, ಉಂಗುರಗಳಿಗೆ ಅಡ್ಡಲಾಗಿ, ಅಂದರೆ ತಿರುಳಿನಿಂದ ತೊಗಟೆಯ ದಿಕ್ಕಿಗೆ, ಶೇ. 2.5ರಷ್ಟು ಕುಗ್ಗುತ್ತದೆ ಎಂದು ಅದು ಹೇಳುತ್ತದೆ. ಉದ್ದದ ದಿಕ್ಕಿನ ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟಿಲ್ಲ.

ಈ ಎರಡು ಅಂಕಿಗಳನ್ನು ಇಟ್ಟುಕೊಂಡು ನಿಮ್ಮ ಮುಚ್ಚಳದ ಲೆಕ್ಕ ಹಾಕೋಣ. ಪುಣೆಯಲ್ಲಿ ಮಾರ್ಚ್‌ನಿಂದ ಮೇ ತಿಂಗಳ ಮೊದಲ ಭಾಗದವರೆಗೆ ಮಧ್ಯಾಹ್ನದ ಗಾಳಿಯ ಆರ್ದ್ರತೆ ಶೇ. 30ಕ್ಕೂ ಕೆಳಗೆ ಇಳಿಯುತ್ತದೆ. ಜುಲೈ, ಆಗಸ್ಟ್ ಬಂತೆಂದರೆ ಶೇ. 80ರ ಆಸುಪಾಸು. ಬೆಚ್ಚಗಿನ ಕೋಣೆಯಲ್ಲಿ ಶೇ. 30ರ ಗಾಳಿಗೆ ಹೊಂದಿಕೊಂಡ ಮರದಲ್ಲಿ ಅದರ ಒಣತೂಕದ ಸುಮಾರು ಶೇ. 6ರಷ್ಟು ನೀರು ಇರುತ್ತದೆ. ಶೇ. 80ರ ಗಾಳಿಯಲ್ಲಿ ಅದು ಶೇ. 16ರ ಹತ್ತಿರಕ್ಕೆ ಏರುತ್ತದೆ. ಮರ ನಿಧಾನಿ. ರಾತ್ರಿ ಹಗಲಿನ ಏರಿಳಿತಕ್ಕೆಲ್ಲ ಅದು ಪೂರ್ತಿ ಸ್ಪಂದಿಸುವುದಿಲ್ಲ, ಮೇಲೆ ಪಾಲಿಶ್ ಹಚ್ಚಿದ್ದರೆ ಇನ್ನೂ ನಿಧಾನ. ಹಾಗಾಗಿ ಮನೆಯೊಳಗಿನ ಪೆಟ್ಟಿಗೆಗೆ ಬೇಸಿಗೆಯಲ್ಲಿ ಶೇ. 8, ಮಳೆಗಾಲದಲ್ಲಿ ಶೇ. 14 ಎಂದು ಹಿಡಿದರೆ ವ್ಯವಹಾರಕ್ಕೆ ಸರಿಯಾಗುತ್ತದೆ. ನಡುವಿನ ಅಂತರ 6.

ಮರದ ಉಬ್ಬು, ಕುಗ್ಗು ನಡೆಯುವುದು ತೇವಾಂಶ ಸುಮಾರು ಶೇ. 30ಕ್ಕಿಂತ ಕೆಳಗಿದ್ದಾಗ ಮಾತ್ರ. ಆದ್ದರಿಂದ ಒಟ್ಟು ಕುಗ್ಗುವಿಕೆಯನ್ನು 30ರಿಂದ ಭಾಗಿಸಿ, ನಮ್ಮ 6ರಿಂದ ಗುಣಿಸಬೇಕು. ನಿಮ್ಮ ಹಲಗೆ 300 ಮಿ.ಮೀ. ಅಗಲ, ಆ ಅಗಲ ಉಂಗುರಗಳ ಗುಂಟ ಇದೆ ಎಂದು ಹಿಡಿಯೋಣ. 300ರ ಶೇ. 5.8 ಎಂದರೆ 17.4 ಮಿ.ಮೀ. ಅದರ ಐದನೇ ಒಂದು ಪಾಲು ಸುಮಾರು ಮೂರೂವರೆ ಮಿ.ಮೀ. ಮೇ ತಿಂಗಳಲ್ಲಿ ಒಂದು ಕೂದಲು ಹಿಡಿಸುವಷ್ಟೂ ಜಾಗ ಬಿಡದೆ ನೀವು ಕೂರಿಸಿದ ಹಲಗೆ ಆಗಸ್ಟ್‌ನಲ್ಲಿ ಮೂರೂವರೆ ಮಿ.ಮೀ. ಹೆಚ್ಚು ಜಾಗ ಕೇಳಿತು. ಉಬ್ಬುವ ಮರದ ಬಲಕ್ಕೆ ಯಾವ ಅಂಟೂ ತಡೆಯುವುದಿಲ್ಲ. ಚೌಕಟ್ಟು ಬಿಚ್ಚಿತು.

ಅದೇ ಹಲಗೆಯನ್ನು ಉಂಗುರಗಳು ನೆಟ್ಟಗೆ ನಿಲ್ಲುವ ಹಾಗೆ ಸೀಳಿದ್ದರೆ, ಅಂದರೆ ಹಲಗೆಯ ತುದಿಯನ್ನು ನೋಡಿದಾಗ ಗೆರೆಗಳು ಮೇಲಿನಿಂದ ಕೆಳಕ್ಕೆ ಇಳಿದಿದ್ದರೆ, ಲೆಕ್ಕಕ್ಕೆ ಬರುವ ಅಂಕಿ 2.5. ಆಗ ಉಬ್ಬುವುದು ಒಂದೂವರೆ ಮಿ.ಮೀ. ಮಾತ್ರ. ಆದ್ದರಿಂದ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿಗೆ ಹೋದಾಗ ಹಲಗೆಯ ಮುಖಕ್ಕಿಂತ ಮೊದಲು ತುದಿಯನ್ನು ನೋಡಿ. ಮುಖದ ಮೇಲೆ ಬೆಟ್ಟಗುಡ್ಡದಂತೆ ಹಬ್ಬಿದ ಸುಂದರವಾದ ಗೆರೆಗಳು ಇದ್ದರೆ ಅದು ಹೆಚ್ಚು ಉಬ್ಬುವ ಹಲಗೆ ಎಂದು ತಿಳಿಯಿರಿ. ಅದು ಬೇಡವೆಂದೇನಲ್ಲ. ಗಾಡಿಯಲ್ಲಿ ಎರಡೂ ಬದಿಗೆ ಎರಡೆರಡು ಮಿ.ಮೀ. ಜಾಗ ಬಿಡಿ, ಅಂಟನ್ನು ಹಲಗೆಯ ತುದಿಗಳ ನಟ್ಟನಡುವೆ ಒಂದೊಂದು ಬೊಟ್ಟು ಮಾತ್ರ ಇಡಿ, ಉಳಿದದ್ದು ಸಡಿಲವಾಗಿ ಓಡಾಡಲಿ. ಆಗಸ್ಟ್‌ನಲ್ಲಿ ಇದೇ ಕೆಲಸ ಮಾಡುವುದಾದರೆ ಲೆಕ್ಕ ತಿರುವುಮುರುವಾಗುತ್ತದೆ. ಆಗ ಹಲಗೆ ತನ್ನ ದೊಡ್ಡ ಅಳತೆಯಲ್ಲೇ ಇರುತ್ತದೆ, ಜಾಗ ಬಿಡಬೇಕಾಗಿಲ್ಲ. ಬೇಸಿಗೆಯಲ್ಲಿ ಕುಗ್ಗಿದಾಗ ಅಂಚು ಹೊರಬೀಳದಂತೆ ಗಾಡಿ ಆಳವಾಗಿರಬೇಕು, ಅಷ್ಟೇ.

ಇದೇ ವಿಷಯವನ್ನು ಕೋಷ್ಟಕಗಳ ಹಂಗಿಲ್ಲದೆ, ಚಿತ್ರಗಳ ಮೂಲಕ ಮನಸ್ಸಿಗೆ ಇಳಿಸುವ ಪುಸ್ತಕ ಆರ್. ಬ್ರೂಸ್ ಹೋಡ್ಲಿಯವರ 'ಅಂಡರ್‌ಸ್ಟ್ಯಾಂಡಿಂಗ್ ವುಡ್'. ಮೊದಲು ಬಂದದ್ದು 1980ರಲ್ಲಿ, ಪರಿಷ್ಕೃತ ಆವೃತ್ತಿ 2000ದಲ್ಲಿ. ಹೋಡ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಮರವಿಜ್ಞಾನ ಕಲಿಸಿದವರು, ಜೊತೆಗೆ ಸ್ವತಃ ಮರ ಕೆತ್ತಿದವರು. ಎರಡೂ ಬಲ್ಲವರು ಬರೆದ ಪುಸ್ತಕದ ಗುಣವೇ ಬೇರೆ. ಹಣ ಕೊಟ್ಟು ಒಂದೇ ಪುಸ್ತಕ ಕೊಳ್ಳುವುದಾದರೆ ಇದನ್ನು ಕೊಳ್ಳಿ. ಅದರಲ್ಲಿನ ಓಕ್, ಮೇಪಲ್ ಮರಗಳ ಉದಾಹರಣೆಗಳು ನಿಮ್ಮನ್ನು ಹಿಂಜರಿಸದಿರಲಿ. ನೀರು ಕೋಶದ ಗೋಡೆಗೆ ಸೇರುವ ರೀತಿ ಓಕ್‌ಗೂ ಹಲಸಿಗೂ ಒಂದೇ. ಬದಲಾಗುವುದು ಅಂಕಿ, ಮತ್ತು ಊರಿನ ಹವೆ.

ಊರಿನ ಹವೆಯ ವಿಷಯದಲ್ಲಿ ಭಾರತೀಯ ಮಾನಕ ಐಎಸ್ 287 ನಿಮ್ಮ ಬಳಿ ಇರಲಿ. ಬೇರೆ ಬೇರೆ ಬಳಕೆಯ ಮರದಲ್ಲಿ ಗರಿಷ್ಠ ಎಷ್ಟು ತೇವಾಂಶ ಇರಬಹುದು ಎಂದು ಹೇಳುವ ಪುಟ್ಟ ಪ್ರಕಟಣೆ ಅದು. ವರ್ಷದ ಸರಾಸರಿ ಆರ್ದ್ರತೆಯ ಮೇಲೆ ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದ್ದಾರೆ. ಮುಂಬೈಯಲ್ಲೋ ಗೋವಾದಲ್ಲೋ ಇರುವ ಬಂಧುಗಳಿಗೆ ಮೇಜು ಮಾಡಿಕೊಡುವಾಗ ಇದರ ಬೆಲೆ ತಿಳಿಯುತ್ತದೆ. ಕರಾವಳಿಯ ಗಾಳಿ ವರ್ಷವಿಡೀ ತೇವವಾಗಿದ್ದು, ಮರದ ಏರಿಳಿತ ಅಲ್ಲಿ ಕಡಿಮೆ. ಪುಣೆಯಂಥ ಒಳನಾಡಿನಲ್ಲಿ ಬೇಸಿಗೆ ಸುಡುತ್ತದೆ, ಮಳೆಗಾಲ ತೊಯ್ಯುತ್ತದೆ, ಮರಕ್ಕೆ ಕಷ್ಟ ಹೆಚ್ಚು. ಧಾರವಾಡದಲ್ಲಿ ಬೆಳೆದ ನಿಮಗೆ ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದು ಹೊಸದೇನಲ್ಲ.

ಕೊಂಡು ತಂದ ಮರದ ತೇವಾಂಶ ಅಳೆಯಲು ಮೀಟರ್ ಇಲ್ಲದಿದ್ದರೆ ಚಿಂತೆಯಿಲ್ಲ. ಹಲಗೆಯ ತುದಿಯಿಂದ ಒಂದು ಗೇಣು ಬಿಟ್ಟು, ಅಡ್ಡಲಾಗಿ ಎರಡು ಬೆರಳಗಲದ ತುಂಡು ಕತ್ತರಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ತುದಿಯ ಭಾಗ ಬೇಗ ಒಣಗಿರುತ್ತದೆ, ಅದನ್ನು ನಂಬಬಾರದು. ಆ ತುಂಡನ್ನು ಓವನ್‌ನಲ್ಲಿ ಸುಮಾರು 103 ಡಿಗ್ರಿಯಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಆಗಾಗ ತೆಗೆದು ತೂಗುತ್ತಾ ಇರಿ. 115 ಗ್ರಾಂ ಇದ್ದದ್ದು 100ಕ್ಕೆ ನಿಂತರೆ, ಕಳೆದ 15 ಗ್ರಾಂ ನೀರನ್ನು ಒಣತೂಕವಾದ 100ರಿಂದ ಭಾಗಿಸಿ: ಶೇ. 15. ಅಂಗಡಿಯವರು 'ಪೂರ್ತಿ ಒಣಗಿದೆ' ಎಂದ ಮರದಲ್ಲಿ ಇಷ್ಟು ಕಂಡರೆ ಅದನ್ನು ಮನೆಯೊಳಗೆ, ಹಲಗೆಗಳ ನಡುವೆ ಪಟ್ಟಿಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸಿ, ಆ ಋತುವಿನ ಹವೆಗೆ ಹೊಂದಿಕೊಂಡ ಮೇಲೆ ಕೈ ಹಾಕಿ.

ಈಗ ನಮ್ಮ ಮರಗಳ ಮಾತು. ಇಲ್ಲಿನ ಮರಗಳಿಗೆ ಪುಸ್ತಕವಿಲ್ಲ ಎಂಬ ನಿಮ್ಮ ಆತಂಕ ಬೇಡ. ಪುಸ್ತಕಗಳು ಇವೆ, ಹಳೆಯವು, ಬಹುಮಟ್ಟಿಗೆ ಉಚಿತ. ಜೆ. ಎಸ್. ಗ್ಯಾಂಬಲ್ ಬರೆದ 'ಎ ಮ್ಯಾನ್ಯುಯಲ್ ಆಫ್ ಇಂಡಿಯನ್ ಟಿಂಬರ್ಸ್' 1881ರದು, ಪರಿಷ್ಕೃತ ಆವೃತ್ತಿ 1902ರದು. ಮರದ ಬಣ್ಣ, ರಂಧ್ರಗಳ ಜೋಡಣೆ, ತೂಕ, ಯಾವ ಕೆಲಸಕ್ಕೆ ಬಳಕೆ, ಹೀಗೆ ಒಂದೊಂದು ಮರಕ್ಕೂ ಬರೆದಿದ್ದಾರೆ. ಜೊತೆಗೆ ದೇಶಭಾಷೆಗಳ ಹೆಸರುಗಳಿವೆ. ಇನ್ನೊಂದು ನಿಮಗೆ ಇನ್ನೂ ಹತ್ತಿರದ್ದು: ಡಬ್ಲ್ಯು. ಎ. ಟಾಲ್ಬಟ್ ಅವರ 'ಫಾರೆಸ್ಟ್ ಫ್ಲೋರಾ ಆಫ್ ದಿ ಬಾಂಬೆ ಪ್ರೆಸಿಡೆನ್ಸಿ ಆಂಡ್ ಸಿಂದ್'. ಎರಡು ಸಂಪುಟಗಳು, 1909 ಮತ್ತು 1911ರಲ್ಲಿ ಪುಣೆಯಲ್ಲೇ ಅಚ್ಚಾದವು. ಆಗ ಧಾರವಾಡ, ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲೇ ಇದ್ದವಲ್ಲ, ನಿಮ್ಮ ತವರಿನ ಕಾಡೂ ಪುಣೆಯ ಸುತ್ತಲ ಕಾಡೂ ಒಂದೇ ಪುಸ್ತಕದಲ್ಲಿ ಸೇರಿವೆ. ಪಿಯರ್ಸನ್ ಮತ್ತು ಬ್ರೌನ್ ಸೇರಿ 1932ರಲ್ಲಿ ತಂದ 'ಕಮರ್ಷಿಯಲ್ ಟಿಂಬರ್ಸ್ ಆಫ್ ಇಂಡಿಯಾ' ಎರಡು ದಪ್ಪ ಸಂಪುಟಗಳದ್ದು, ಮರದ ಅಡ್ಡಸೀಳಿನ ರಚನೆಯನ್ನು ಎಳೆಎಳೆಯಾಗಿ ವಿವರಿಸುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ ಒಂದಿದ್ದರೆ, ಹರಿತವಾದ ಬ್ಲೇಡಿನಿಂದ ತುದಿಯನ್ನು ನಯವಾಗಿ ಸವರಿ ಪುಸ್ತಕದೊಂದಿಗೆ ಹೋಲಿಸಬಹುದು.

ಮಾರುಕಟ್ಟೆಯಲ್ಲಿ ಇವು ಹೇಗೆ ನೆರವಾಗುತ್ತವೆ ನೋಡಿ. ಪುಣೆಯ ವ್ಯಾಪಾರಿ ಐನ್ ಎನ್ನುವುದು ನಮ್ಮ ಮತ್ತಿ, ಫಣಸ್ ಎನ್ನುವುದು ಹಲಸು. ಇವುಗಳಲ್ಲಿ ಗೊಂದಲವಿಲ್ಲ. ಶಿಸಮ್ ಎಂದಾಗ ಮಾತ್ರ ಎಚ್ಚರ ಬೇಕು. ಉತ್ತರ ಭಾರತದ ಶೀಷಮ್ ಬೇರೆ, ಪಶ್ಚಿಮಘಟ್ಟದ ಬೀಟೆ ಬೇರೆ. ಎರಡೂ ಒಂದೇ ಕುಲದವು, ಬೆಲೆಯಲ್ಲಿ ಮಾತ್ರ ಬಹಳ ಅಂತರ. ಬೀಟೆ ಕಪ್ಪುಗೆಂಪು, ನೇರಳೆ ಛಾಯೆಯದು, ಶೀಷಮ್ ಕಂದುಬಣ್ಣದ್ದು. ಗ್ಯಾಂಬಲ್ ಪುಟ ತೆರೆದರೆ ಎರಡರ ವ್ಯತ್ಯಾಸವೂ ಸಿಗುತ್ತದೆ. ಸಾಗವಾನಿಯಲ್ಲೂ ಬಲ್ಹಾರ್ಷಾ ಕಡೆಯ ಹಳೆಯ ಮಾಲು, ದಾಂಡೇಲಿಯ ಮಾಲು, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ನೆಡುತೋಪುಗಳಿಂದ ಬಂದ ಮಾಲು, ಎಲ್ಲ ಒಂದೇ ಅಂಗಡಿಯಲ್ಲಿ ಇರುತ್ತವೆ. ಜಾತಿ ಒಂದೇ. ತೋಪಿನ ಎಳೆಯ ಮರದಲ್ಲಿ ಬಿಳಿಯ ಹೊರಭಾಗ ಹೆಚ್ಚು, ಅದಕ್ಕೆ ಹುಳುವಿನ ಕಾಟವೂ ಹೆಚ್ಚು. ಬೆಂಗಳೂರಿಗೆ ಹೋಗುವುದಿದ್ದರೆ ಮಲ್ಲೇಶ್ವರದ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಮರಸಂಗ್ರಹವನ್ನು ನೋಡಲು ಅನುಮತಿ ಕೇಳಿ. ಪುಸ್ತಕದಲ್ಲಿ ಓದಿದ ಮರವನ್ನು ಕೈಯಲ್ಲಿ ಹಿಡಿಯುವ ಅವಕಾಶ ಬಿಡಬಾರದು.

ಎರಡನೆಯ ಪುಸ್ತಕ ಹರಿತದ್ದು ಎಂದೆ. ತೇಗದಲ್ಲಿ ಸಿಲಿಕಾ ಇದೆ, ಅದು ಮರಳಿನದೇ ವಸ್ತು, ಅಲಗನ್ನು ಬೇಗ ಮೊಂಡು ಮಾಡುತ್ತದೆ. ಪೈನ್ ಮರದಲ್ಲಿ ಅರ್ಧ ದಿನ ನಿಲ್ಲುವ ಉಳಿ ಸಾಗವಾನಿಯಲ್ಲಿ ಬಹಳ ಬೇಗ ಸೋಲುತ್ತದೆ. ಹಾಗಾಗಿ ಹೊರದೇಶದ ಪುಸ್ತಕಗಳಲ್ಲಿ ಹರಿತಕ್ಕೆ ಕೊಟ್ಟ ಪುಟಗಳನ್ನು ನಾವು ಇನ್ನಷ್ಟು ಗಮನವಿಟ್ಟು ಓದಬೇಕಾಗುತ್ತದೆ. ಲಿಯೊನಾರ್ಡ್ ಲೀ ಅವರ 'ದಿ ಕಂಪ್ಲೀಟ್ ಗೈಡ್ ಟು ಶಾರ್ಪನಿಂಗ್' 1995ರದು. ಕಲ್ಲುಗಳ ಮಾರುಕಟ್ಟೆ ಆಮೇಲೆ ಬದಲಾಗಿದೆ, ಈಗ ವಜ್ರದ ಪುಡಿ ಲೇಪಿಸಿದ ತಟ್ಟೆಗಳು ಸುಲಭವಾಗಿ ಸಿಗುತ್ತವೆ. ಆದರೆ ಅಲಗು ಏಕೆ ಕತ್ತರಿಸುತ್ತದೆ, ಯಾವ ಕೋನದಲ್ಲಿ ಏಕೆ ಮುರಿಯುತ್ತದೆ ಎಂಬುದನ್ನು ಅವರು ಬಿಡಿಸಿದ ಹಾಗೆ ಬಿಡಿಸಿದವರು ಕಡಿಮೆ. ಪುಸ್ತಕಗಳು ಉಳಿಗೆ 25 ಡಿಗ್ರಿಯ ಇಳಿಜಾರು, ತುದಿಯಲ್ಲಿ ಮಾತ್ರ 30 ಎನ್ನುತ್ತವೆ. ಮತ್ತಿ, ಜಾಲಿ, ಬೀಟೆಯಂಥ ಗಟ್ಟಿಮರಕ್ಕೆ ಕೊಡತಿಯಿಂದ ಹೊಡೆಯುವುದಿದ್ದರೆ ತುದಿಯನ್ನು 35ರವರೆಗೆ ಒಯ್ಯಿರಿ. ಹರಿತ ಸ್ವಲ್ಪ ಕಡಿಮೆ ಎನಿಸಿದರೂ ಅಲಗು ಚಕ್ಕೆ ಏಳುವುದಿಲ್ಲ.

ಹರಿತದ ಯಾವ ಪುಸ್ತಕವನ್ನಾದರೂ ಪರೀಕ್ಷಿಸಲು ಒಂದು ಉಪಾಯವಿದೆ. ಕಲ್ಲಿನ ಮೇಲೆ ಉಜ್ಜಿದಾಗ ಅಲಗಿನ ಹಿಂಬದಿಗೆ ಹೊರಳುವ ಸಣ್ಣ ಲೋಹದ ಅಂಚಿನ ಬಗ್ಗೆ, ಬೆರಳಿಗೆ ಗರಗರ ಎನ್ನುವ ಆ ಮುಳ್ಳಿನ ಬಗ್ಗೆ, ಲೇಖಕರು ಏನು ಹೇಳಿದ್ದಾರೆ ನೋಡಿ. ಅದು ಅಲಗಿನ ಉದ್ದಕ್ಕೂ ಬಂದಿದೆಯೇ ಎಂದು ನೋಡುವುದು, ಬಂದ ಮೇಲೆ ನಯವಾದ ಕಲ್ಲಿನಲ್ಲಿ ಅದನ್ನು ತೆಗೆಯುವುದು, ಹಿಂಬದಿಯನ್ನು ಮಟ್ಟಸವಾಗಿ ಇಡುವುದು, ಇವು ಇದ್ದರೆ ಪುಸ್ತಕ ಕೆಲಸ ಬಲ್ಲವರದು. ಬರೀ ಕಲ್ಲುಗಳ ಹೆಸರು, ಬೆಲೆ, ಅಂಕಿಗಳ ಪಟ್ಟಿ ಇದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಕೀಸುಳಿಯ ಅಧ್ಯಾಯಕ್ಕೂ ಇಂಥದೇ ಪರೀಕ್ಷೆ. ಅಲಗಿನ ಮೇಲೆ ಇನ್ನೊಂದು ತಗಡು ಕೂತಿರುತ್ತದಲ್ಲ, ಅದನ್ನು ಅಂಚಿನಿಂದ ಎಷ್ಟು ಹಿಂದೆ ಇಡಬೇಕು ಎಂಬ ಪ್ರಶ್ನೆಗೆ ಉತ್ತರ ಇದೆಯೇ ನೋಡಿ. ಒರಟು ಕೆಲಸಕ್ಕೆ ಒಂದು ಮಿ.ಮೀ. ಸಾಕು. ಮತ್ತಿ, ಹೊನ್ನೆಗಳಲ್ಲಿ ನಾರುಗಳು ಒಂದು ಪದರದಲ್ಲಿ ಈ ಕಡೆ, ಮುಂದಿನದರಲ್ಲಿ ಆ ಕಡೆ ವಾಲಿರುತ್ತವೆ. ಯಾವ ದಿಕ್ಕಿನಿಂದ ಕೀಸಿದರೂ ಕೆಲವು ಕಡೆ ಮರ ಕಿತ್ತು ಬರುತ್ತದೆ. ಅಂಥಲ್ಲಿ ತಗಡನ್ನು ಅಂಚಿಗೆ ತೀರ ಹತ್ತಿರ, ಕಾಗದದ ದಪ್ಪದಷ್ಟು, ಅಂದರೆ 0.1ರಿಂದ 0.2 ಮಿ.ಮೀ. ಅಂತರದಲ್ಲಿ ಕೂರಿಸಿದರೆ ಸಿಪ್ಪೆ ಏಳುತ್ತಿದ್ದಂತೆಯೇ ಅದಕ್ಕೆ ಬಡಿದು ಮಡಚಿಕೊಳ್ಳುತ್ತದೆ, ಸೀಳಿಕೊಂಡು ಮುಂದೆ ಓಡಲು ಆಗುವುದಿಲ್ಲ. ಇಲ್ಲಿನ ಸುತಾರರು ರಂಧಾ ಎನ್ನುವ ಮರದ ಕೀಸುಳಿಯಲ್ಲೂ ಎರಡು ತಗಡು ಇದ್ದರೆ ಇದೇ ನಿಯಮ. ಸಿಪ್ಪೆ ಸುರುಳಿಯಾಗುವ ಬದಲು ನೆಟ್ಟಗೆ ಮೇಲಕ್ಕೆ ಏಳುತ್ತಿದ್ದರೆ ತಗಡು ಸರಿಯಾದ ಜಾಗದಲ್ಲಿದೆ ಎಂದು ತಿಳಿಯಿರಿ.

ಜೋಡಣೆಗೆ ನನ್ನ ಸಲಹೆ ಚಾರ್ಲ್ಸ್ ಹೇವರ್ಡ್ ಅವರ 'ವುಡ್‌ವರ್ಕ್ ಜಾಯಿಂಟ್ಸ್'. ಬ್ರಿಟನ್ನಿನ 'ದಿ ವುಡ್‌ವರ್ಕರ್' ಪತ್ರಿಕೆಯನ್ನು ಬಹುಕಾಲ ಸಂಪಾದಿಸಿದವರು ಅವರು. ಗೆರೆಚಿತ್ರಗಳನ್ನು ಸ್ವತಃ ಬರೆಯುತ್ತಿದ್ದರು. ಛಾಯಾಚಿತ್ರದಲ್ಲಿ ನೆರಳು, ಕೈ, ಹಿನ್ನೆಲೆ ಎಲ್ಲ ಸೇರಿಕೊಳ್ಳುತ್ತವೆ. ಗೆರೆಚಿತ್ರದಲ್ಲಿ ಬೇಕಾದ್ದು ಮಾತ್ರ ಉಳಿಯುತ್ತದೆ, ಜೋಡಣೆಯ ಒಳಭಾಗವೂ ಕಾಣುತ್ತದೆ. ದೊಡ್ಡ ಪೀಠೋಪಕರಣದವರೆಗೆ ಹೋಗುವ ಮನಸ್ಸಿದ್ದರೆ ಅರ್ನೆಸ್ಟ್ ಜಾಯ್ಸ್ ಅವರ 'ದಿ ಟೆಕ್ನಿಕ್ ಆಫ್ ಫರ್ನಿಚರ್ ಮೇಕಿಂಗ್' ಇದೆ. 1970ರ ಪುಸ್ತಕ, ಆಮೇಲೆ ಅಲನ್ ಪೀಟರ್ಸ್ ಪರಿಷ್ಕರಿಸಿದರು. ಮೇಜಿನ ಮೇಲ್ಹಲಗೆಯನ್ನು ಕಾಲುಗಳಿಗೆ ಹೇಗೆ ಬಿಗಿದರೂ ಅದು ಉಬ್ಬಿ ಕುಗ್ಗಲು ದಾರಿ ಇರಬೇಕು ಎಂಬುದನ್ನು ಮರೆಯದ ಪುಸ್ತಕ ಅದು. ಅಪ್ಪಾ ಬಳವಂತ ಚೌಕದಲ್ಲಿ ಬೇರೆ ಯಾವುದೋ ಪುಸ್ತಕ ಕೈಗೆ ಸಿಕ್ಕರೆ ಮೇಜಿನ ಪುಟವನ್ನೇ ಮೊದಲು ತೆರೆಯಿರಿ. ಮೇಲ್ಹಲಗೆಯನ್ನು ಸುತ್ತಲೂ ಅಂಟಿಸಿ ಎಂದು ಬರೆದಿದ್ದರೆ ಉಳಿದ ಪುಟಗಳನ್ನು ನೋಡುವ ಅಗತ್ಯವಿಲ್ಲ.

ಈ ಪುಸ್ತಕಗಳನ್ನು ಇಲ್ಲಿ ಬಳಸುವಾಗ ಕೆಲವು ಹೊಂದಾಣಿಕೆ ಬೇಕು. ಅಳತೆ ಇಂಚಿನ ಭಾಗಗಳಲ್ಲಿ ಇರುತ್ತದೆ. ನಮ್ಮ ಬಡಗಿಗಳ ಒಂದು ಸೂತು ಎಂದರೆ ಇಂಚಿನ ಎಂಟನೇ ಒಂದು ಪಾಲು, ಸುಮಾರು 3.2 ಮಿ.ಮೀ. ಆದ್ದರಿಂದ ಟಿಂಬರ್ ಮಾರ್ಕೆಟ್ಟಿನಲ್ಲಿ ಹಳೆಯ ಇಂಗ್ಲಿಷ್ ಪುಸ್ತಕದ ಅಳತೆ ಹೇಳಿದರೆ ಮಿಲಿಮೀಟರಿಗಿಂತ ಬೇಗ ಅರ್ಥವಾಗುತ್ತದೆ. ಅಮೆರಿಕದ ಪುಸ್ತಕದಲ್ಲಿ ಬೋರ್ಡ್ ಫೂಟ್ ಲೆಕ್ಕದಲ್ಲಿ ಮರ ಕೇಳಿದ್ದರೆ 12ರಿಂದ ಭಾಗಿಸಿ, ನಮ್ಮ ಘನ ಅಡಿ ಸಿಗುತ್ತದೆ. ಕುಳಿಯೊಳಗೆ ನಾಲಿಗೆ ಕೂರಿಸುವ ಜೋಡಣೆಯಲ್ಲಿ ನಾಲಿಗೆಯ ದಪ್ಪ ಮರದ ದಪ್ಪದ ಮೂರನೇ ಒಂದು ಪಾಲು ಎಂಬ ನಿಯಮ ಎಲ್ಲ ಪುಸ್ತಕಗಳಲ್ಲೂ ಇದೆ. 24 ಮಿ.ಮೀ. ಮರಕ್ಕೆ 8 ಬರುತ್ತದೆ. ನಿಮ್ಮ ಬಳಿ 8ರ ಉಳಿ ಇಲ್ಲದೆ ಮೂರು ಸೂತಿನದು ಇದ್ದರೆ ಕುಳಿಯನ್ನು ಅದರ ಅಗಲಕ್ಕೇ ಹೊಡೆದು, ನಾಲಿಗೆಯನ್ನು ಅದಕ್ಕೆ ಸರಿಯಾಗಿ ಕೊಯ್ಯಿರಿ. ನಿಯಮಕ್ಕಿಂತ ಕೈಯಲ್ಲಿರುವ ಉಳಿ ದೊಡ್ಡದು.

ಇನ್ನೊಂದು ಕೊರತೆಯನ್ನು ಯಾವ ಇಂಗ್ಲಿಷ್ ಪುಸ್ತಕವೂ ತುಂಬಲಾರದು. ಅವರ ಎಲ್ಲ ಚಿತ್ರಗಳಲ್ಲಿ ಎತ್ತರದ ಮೇಜಿದೆ, ಮೇಜಿಗೆ ಇಕ್ಕಳವಿದೆ, ಬಡಗಿ ನಿಂತಿದ್ದಾನೆ. ನಿಮ್ಮ ಅಜ್ಜ ಬಹುಶಃ ನೆಲದ ಮೇಲೆ ಕೂತು, ಮರವನ್ನು ಪಾದದಿಂದ ಒತ್ತಿ ಹಿಡಿದು ಕೆಲಸ ಮಾಡಿದವರು. ಫ್ಲ್ಯಾಟಿನ ಬಾಲ್ಕನಿಗೆ ಅದೇ ಸರಿಯಾದ ವಿಧಾನ. ಅದನ್ನು ಕಲಿಯಲು ಟಿಂಬರ್ ಮಾರ್ಕೆಟ್ ಸುತ್ತಲ ಹಳೆಯ ಸುತಾರರ ಬಳಿ ಒಂದೆರಡು ಮಧ್ಯಾಹ್ನ ಕಳೆಯಿರಿ. ಮರಾಠಿಯಲ್ಲಿ ಎರಡು ಮಾತು ಆಡಿದರೆ ಪ್ರೀತಿಯಿಂದ ತೋರಿಸುತ್ತಾರೆ. ಐಟಿಐಗಳಿಗಾಗಿ ಚೆನ್ನೈನ ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆ ತರುವ ಕಾರ್ಪೆಂಟರ್ ಪಠ್ಯಗಳನ್ನೂ ಜೊತೆಗಿಟ್ಟುಕೊಳ್ಳಿ. ಭಾಷೆ ಒಣ, ಆದರೆ ಇಲ್ಲಿ ಸಿಗುವ ಉಪಕರಣ, ಇಲ್ಲಿನ ಮರ, ಮಿಲಿಮೀಟರ್ ಅಳತೆ.

ಅಜ್ಜನ ಪೆಟ್ಟಿಗೆಯ ವಿಷಯ. ಗುರುತು ಸಿಗದ ಉಪಕರಣಗಳಿಗೆ ಆರ್. ಎ. ಸಲಮನ್ ಅವರ ಉಪಕರಣ ನಿಘಂಟು ಇದೆ, 1975ರದು. ಸುಮಾರು 1700ರಿಂದ 1970ರವರೆಗೆ ಮರಗೆಲಸದ ಕಸುಬುಗಳಲ್ಲಿ ಬಳಕೆಯಲ್ಲಿದ್ದ ಉಪಕರಣಗಳನ್ನು ಚಿತ್ರ ಸಮೇತ ಕೊಟ್ಟಿದ್ದಾರೆ. ಹೇಗೆ ಬಳಸಬೇಕೆಂದು ಕಲಿಸುವ ಪುಸ್ತಕವಲ್ಲ ಅದು. ಗುರುತು ಹಿಡಿಯಲು ಮಾತ್ರ. ಬ್ರಿಟನ್ನಿನ ಕಸುಬುಗಳನ್ನು ನೋಡಿ ಬರೆದದ್ದು, ಆದ್ದರಿಂದ ಬಿಲ್ಲಿನಿಂದ ತಿರುಗಿಸುವ ನಮ್ಮ ಬೈರಿಗೆ, ಕೈಬಾಚಿಗಳಿಗೆ ಊರಿನ ಹಿರಿಯರನ್ನೇ ಕೇಳಬೇಕು. ಉಳಿಯ ಮೇಲೆ ಶೆಫೀಲ್ಡ್ ಎಂಬ ಊರಿನ ಹೆಸರು, ಕೆಳಗೆ 'ಕಾಸ್ಟ್ ಸ್ಟೀಲ್' ಎಂಬ ಮುದ್ರೆ ಕಂಡರೆ ಅದನ್ನು ಜೋಪಾನ ಮಾಡಿ. ಮೂಸೆಯಲ್ಲಿ ಕರಗಿಸಿ ಎರೆದ ಉಕ್ಕು ಅದು. ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಅಲ್ಲಿ ರೂಪಿಸಿದ ವಿಧಾನ. ಕಾರ್ಬನ್ ಹೆಚ್ಚಿರುವ ಸರಳ ಉಕ್ಕು, ಬಹಳ ಚೆನ್ನಾಗಿ ಹರಿತವಾಗುತ್ತದೆ, ಆದರೆ ಬಿಸಿ ತಾಳುವುದಿಲ್ಲ. ವಿದ್ಯುತ್ ಸಾಣೆಗೆ ಹಿಡಿದು ತುದಿ ನೀಲಿಯಾಯಿತೋ, ಅಷ್ಟು ಭಾಗದ ಗಡಸುತನ ಹೋಯಿತೆಂದೇ ಲೆಕ್ಕ. ಅದನ್ನು ಕೈಯಿಂದ, ಕಲ್ಲಿನ ಮೇಲೆ, ನೀರು ಹಾಕಿ ಉಜ್ಜಿ. ರವಿವಾರ ಪೇಠೆಯ ಬೋಹ್ರಿ ಆಳಿಯಲ್ಲಿ ಕಲ್ಲು, ಅರ, ಹಿಡಿಕೆ ಎಲ್ಲ ಸಿಗುತ್ತವೆ.

ಹಳೆಯ ಪುಸ್ತಕಗಳ ರುಚಿ ಹತ್ತಿದ ಮೇಲೆ ಓದಲು ಎರಡನ್ನು ಹೇಳುತ್ತೇನೆ. ಲಂಡನ್ನಿನ ಜೋಸೆಫ್ ಮಾಕ್ಸನ್ 1670ರ ದಶಕದ ಕೊನೆಯಿಂದ ಬಿಡಿಬಿಡಿಯಾಗಿ ಹೊರತಂದ 'ಮೆಕ್ಯಾನಿಕ್ ಎಕ್ಸರ್‌ಸೈಸಸ್' ಇಂಗ್ಲಿಷಿನಲ್ಲಿ ಬಡಗಿ ಕೆಲಸವನ್ನು ವಿವರಿಸಿದ ಮೊದಲ ಪುಸ್ತಕಗಳಲ್ಲಿ ಒಂದು. ಫ್ರಾನ್ಸಿನ ರೂಬೊ 1769ರಿಂದ ಪ್ರಕಟಿಸಿದ ಗ್ರಂಥದಲ್ಲಿ ಮುನ್ನೂರಕ್ಕೂ ಹೆಚ್ಚು ಚಿತ್ರಫಲಕಗಳಿವೆ. ರೂಬೊ ಸ್ವತಃ ಬಡಗಿ. ಆ ಕೈ ಚಿತ್ರಗಳಲ್ಲಿ ಕಾಣುತ್ತದೆ. ಮಾಕ್ಸನ್ ಮುದ್ರಕ, ಚಿತ್ರಗಳನ್ನು ಬಹುಪಾಲು ಫ್ರೆಂಚ್ ಪುಸ್ತಕವೊಂದರಿಂದ ಎತ್ತಿಕೊಂಡವನು. ಆದ್ದರಿಂದ ಅವನ ಮಾತಿಗೂ ಚಿತ್ರಕ್ಕೂ ತಾಳೆಯಾಗದ ಕಡೆ ಮಾತನ್ನು ನಂಬಿ. ನಮ್ಮಲ್ಲೂ ಹಳೆಯ ವಾಸ್ತುಗ್ರಂಥಗಳಾದ ಮಯಮತ, ಮಾನಸಾರಗಳಲ್ಲಿ ಸಂಧಿಕರ್ಮಕ್ಕೆಂದೇ ಅಧ್ಯಾಯಗಳಿವೆ. ಕಂಬ, ತೊಲೆಗಳ ಜೋಡಣೆಯ ಶಾಸ್ತ್ರ ಅದು, ಪೆಟ್ಟಿಗೆಗೆ ನೇರವಾಗಿ ಒದಗದು. ಅದನ್ನು ಓದಿ ವಿಶ್ರಾಮಬಾಗ್ ವಾಡೆಯ ಕೆತ್ತನೆಯ ಕಂಬಗಳ ಕೆಳಗೆ ನಿಂತರೆ, ತೊಲೆ ಕಂಬದ ಮೇಲೆ ಹೇಗೆ ಕೂತಿದೆ ಎಂದು ಹುಡುಕಲು ಕಣ್ಣಿಗೆ ದಾರಿ ಸಿಗುತ್ತದೆ. ಕೇಳ್ಕರ್ ವಸ್ತುಸಂಗ್ರಹಾಲಯದ ಬಾಗಿಲುಗಳನ್ನೂ ಹಾಗೆಯೇ, ಹೂಬಳ್ಳಿಗಿಂತ ಮೊದಲು ಮೂಲೆಗಳನ್ನು ನೋಡಿ.

ಕನ್ನಡದಲ್ಲಿ? ಕೆಲಸದ ಮೇಜಿನ ಮೇಲೆ ತೆರೆದಿಟ್ಟುಕೊಂಡು ಜೋಡಣೆ ಹೊಡೆಯಬಹುದಾದ, ಅಳತೆ ಮತ್ತು ಚಿತ್ರಗಳಿರುವ ಕನ್ನಡ ಪುಸ್ತಕವೊಂದನ್ನು ನಾನು ಇಂದು ನಿಮ್ಮ ಕೈಗೆ ಕೊಡಲಾರೆ. ಇದು ನನ್ನನ್ನು ನೋಯಿಸುವ ವಿಷಯ. ಶಿರಸಿಯಿಂದ ಶೃಂಗೇರಿಯವರೆಗೆ ಮುಚ್ಚಿಗೆ, ತೊಟ್ಟಿ, ಬಾಗಿಲುವಾಡಗಳನ್ನು ಇಷ್ಟು ಚೆಂದವಾಗಿ ಕಟ್ಟಿದ ಜನರ ವಿದ್ಯೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗಿದ್ದೇ ಹೆಚ್ಚು. ಹೆಸರುಗಳ ಮಟ್ಟಿಗೆ ಕಿಟ್ಟೆಲ್ ನಿಘಂಟು ಒಂದು ಭಂಡಾರ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ್ದು, ಉಳಿ, ಬಾಚಿ, ಬೈರಿಗೆಗಳೆಲ್ಲ ಅದರಲ್ಲಿವೆ. ನೀವು ಒಂದು ಕೆಲಸ ಮಾಡಬಹುದು. ಅಜ್ಜನ ಒಂದೊಂದು ಉಪಕರಣದ ಚಿತ್ರ ತೆಗೆದು, ಊರಲ್ಲಿ ಅವರ ಜೊತೆ ಕೆಲಸ ಮಾಡಿದ ಯಾರಾದರೂ ಇದ್ದರೆ ಅವರಿಂದ ಹೆಸರು ಮತ್ತು ಬಳಕೆಯನ್ನು ಕೇಳಿ, ಧಾರವಾಡದ ಮಾತಿನಲ್ಲೇ ಬರೆದಿಡಿ. ಹಿರಿಯರು ಇರುವಾಗಲೇ ಆಗಬೇಕಾದ ಕೆಲಸ, ಮುಂದೂಡಬೇಡಿ.

ಕೊಳ್ಳುವ ದಾರಿ ಹೀಗೆ. ವುಡ್ ಹ್ಯಾಂಡ್‌ಬುಕ್, ಗ್ಯಾಂಬಲ್, ಟಾಲ್ಬಟ್, ಮಾಕ್ಸನ್ ಇವಕ್ಕೆ ಹಣ ಕೊಡಬೇಡಿ, ಡಿಜಿಟಲ್ ಪ್ರತಿಗಳು ಸಾಕು. ಕೋಷ್ಟಕದ ಪುಟಗಳನ್ನು ಮಾತ್ರ ಮುದ್ರಿಸಿ ಗೋಡೆಗೆ ಅಂಟಿಸಿಕೊಳ್ಳಿ. ಹೋಡ್ಲಿ ಮತ್ತು ಹೇವರ್ಡ್ ಮಾತ್ರ ಕಾಗದದಲ್ಲೇ ಇರಲಿ, ಮರದ ಪುಡಿಯ ಕೈಯಲ್ಲಿ ಮೊಬೈಲ್ ತಿರುವುವುದು ಆಗದ ಮಾತು. ಲೀ, ಜಾಯ್ಸ್ ಹಳೆಯ ಪ್ರತಿ ಸಿಕ್ಕರೂ ಸಾಕು. ಮುಂಬೈಗೆ ಹೋದಾಗ ಫ್ಲೋರಾ ಫೌಂಟನ್ ಬಳಿಯ ಪಾದಚಾರಿ ದಾರಿಯ ಪುಸ್ತಕದವರಲ್ಲಿ ಕೇಳಿ ನೋಡಿ, ಪುಣೆಯ ಜುನಾ ಬಜಾರಿನಲ್ಲೂ ಒಮ್ಮೊಮ್ಮೆ ಉಪಕರಣದ ರಾಶಿಯ ಪಕ್ಕದಲ್ಲೇ ತಾಂತ್ರಿಕ ಪುಸ್ತಕಗಳು ಬಿದ್ದಿರುತ್ತವೆ. ಜಾಯ್ಸ್ ಪುಸ್ತಕದ ಅಮೆರಿಕದ ಆವೃತ್ತಿಗೆ ಬೇರೆ ಹೆಸರಿದೆ, 'ಎನ್‌ಸೈಕ್ಲೋಪೀಡಿಯಾ ಆಫ್ ಫರ್ನಿಚರ್ ಮೇಕಿಂಗ್'. ಎರಡನ್ನೂ ಕೊಂಡುಬಿಡಬೇಡಿ. ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಬೇಡಿಕೆಗೆ ತಕ್ಕಂತೆ ಅಚ್ಚು ಹಾಕಿ ಮಾರುವವರಿಂದಲೂ ದೂರವಿರಿ. ಮಡಚಿಟ್ಟ ದೊಡ್ಡ ಚಿತ್ರಫಲಕಗಳನ್ನು ಬಿಡಿಸದೆಯೇ ಸ್ಕ್ಯಾನ್ ಮಾಡಿದ ಪ್ರತಿಗಳು ಬಹಳ, ಅರ್ಧ ಕೀಸುಳಿಯ ಚಿತ್ರಕ್ಕೆ ಪೂರ್ತಿ ಬೆಲೆ ತೆತ್ತಂತಾಗುತ್ತದೆ. ರೂಬೊ ನೋಡುವಾಗಲಂತೂ ಚಿತ್ರಫಲಕಗಳು ಪೂರ್ತಿ ತೆರೆದುಕೊಂಡಿರುವ ಪ್ರತಿಯನ್ನೇ ಆರಿಸಿಕೊಳ್ಳಿ.